ಸೂರು ಗಟ್ಟಿಯಿದೆ

ನವೆಂಬರ್ ೧೪, ಮಂಗಳವಾರ

ನನ್ನ ಹಲ್ಲುರಾಣಿಗೆ,

ಅಪ್ಪನ ತುಂಬು ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ, ಚೆನ್ನಾಗಿಲ್ಲ ಎಂದರೆ ನಿನಗೆ ಗಾಬರಿಯಾಗುತ್ತದೆ. ಊಟ, ನಿದ್ದೆಗೆ ತೊಂದರೆಯಿಲ್ಲ ಎಂದಷ್ಟೇ ತಿಳಿದುಕೋ. ಅಮ್ಮ ನಿನ್ನ ಹತ್ತಿರ ಬಂದ ಮೇಲೆ ಅಡುಗೆಮನೆ ನನ್ನ ಪಾಲಿಗೆ ಬಂದಿದೆ. ಮಾಡಿದ್ದು ಒಂದು ದಿನ ಹಸಿ, ಇನ್ನೊಂದು ದಿನ ಸೀದು ಹೋಗಿರುತ್ತದೆ. ಪಾತ್ರೆಗಳಂತೂ ನನ್ನನ್ನು ಕಂಡರೆ ಹೆದರುತ್ತವೆ.

ಕಾಗದ ಬರೆಯಲು ತಡವಾಯಿತು. ಬರೆಯುತ್ತಿದ್ದೆ, ಹರಿದು ಹಾಕುತ್ತಿದ್ದೆ. ನೀನು ನನ್ನ ಜತೆ ಮಾತು ಬಿಟ್ಟಿದ್ದೀಯ. ಯಾಕೆಂದು ನನಗೀಗ ಗೊತ್ತು. ಆ ವಿಷಯ ಬರೆಯದೆ ಈ ಕಾಗದ ಮುಚ್ಚುವುದಿಲ್ಲ, ಆದರೆ ಮೊದಲ ಸಾಲಿನಲ್ಲೇ ಬರೆಯುವಷ್ಟು ಧೈರ್ಯ ನಿನ್ನಪ್ಪನಿಗಿಲ್ಲ. ಊರೆಲ್ಲ ಸುತ್ತಿ ಮನೆಗೆ ಬರುವವನು ನಾನು ಎಂದು ನಿನಗೆ ಗೊತ್ತೇ ಇದೆ. ಮೊದಲು ಗಣಿಯ ಸುದ್ದಿ ಹೇಳುತ್ತೇನೆ, ಬೇಸರಿಸದೆ ಓದು.

ನಮ್ಮ ಗಣಿಯನ್ನು ಮತ್ತೆ ತೆರೆಯುತ್ತಾರಂತೆ. ಕಲ್ಲು ತೆಗೆಯುವುದಕ್ಕಲ್ಲ, ಜನ ಬಂದು ನೋಡುವುದಕ್ಕೆ. ಪಂಪು ನಿಲ್ಲಿಸಿದ ಮೇಲೆ ಕೆಳಗಿನ ಸುರಂಗಗಳಲ್ಲೆಲ್ಲ ನೀರು ತುಂಬಿದೆ. ಮೇಲಿನದೊಂದು ಮಾತ್ರ ಒಣಗಿದೆ. ಅದಕ್ಕೆ ದೀಪ ಹಾಕಿ, ಕಂಬಿ ಕಟ್ಟಿ, ಬಾಗಿಲಲ್ಲಿ ಟಿಕೆಟ್ ಕೊಡುತ್ತಾರಂತೆ. ಅಲ್ಲಿಂದ ದಿನವೂ ಜೀವಂತ ಹೊರಗೆ ಬಂದದ್ದೇ ದೊಡ್ಡದು ಎಂದುಕೊಂಡವರು ನಾವು. ಈಗ ಕಾಸು ಕೊಟ್ಟು ಒಳಗೆ ಹೋಗುವವರಿದ್ದಾರೆ.

ನಿನಗೆ ಹಲ್ಲುರಾಣಿ ಎಂಬ ಹೆಸರು ಬಂದದ್ದೂ ಆ ಗಣಿಯಿಂದಲೇ. ನನ್ನ ಬುತ್ತಿಡಬ್ಬಿಯಲ್ಲಿ ಬರುತ್ತಿದ್ದ ಶಾರ್ಕ್ ಮೀನಿನ ಹಲ್ಲುಗಳನ್ನು ನೀನು ಕಿಟಕಿಯ ಉದ್ದಕ್ಕೂ ಜೋಡಿಸಿ, ಯಾರಿಗೂ ಮುಟ್ಟಲು ಬಿಡದೆ ಕಾಯುತ್ತಿದ್ದೆ. "ಬೆಟ್ಟದ ಹೊಟ್ಟೆಗೆ ಮೀನು ಹೇಗಪ್ಪ ಬಂತು?" ಎಂದು ನೀನು ಕೇಳಿದಾಗ ನಾನು "ನಡ್ಕೊಂಡು ಬಂತು" ಎಂದಿದ್ದೆ. ನಿಜ ನನಗೂ ಆಗ ಗೊತ್ತಿರಲಿಲ್ಲ. ಆಮೇಲೆ ಗಣಿಗೆ ಬಂದ ಭೂವಿಜ್ಞಾನಿಯೊಬ್ಬರು ಬಿಡಿಸಿ ಹೇಳಿದರು. ಕೋಟ್ಯಂತರ ವರ್ಷಗಳ ಹಿಂದೆ ಈ ಬೆಟ್ಟದ ಜಾಗದಲ್ಲಿ ಸಮುದ್ರವಿತ್ತಂತೆ. ಸತ್ತ ಮೀನುಗಳ ಮೂಳೆ, ಹಲ್ಲು, ಹೊಲಸು ಎಲ್ಲ ತಳಕ್ಕಿಳಿದು, ಕೆಸರಿನಲ್ಲಿ ಬೆರೆತು, ಆಳೆತ್ತರದ ಕಂದು ಪದರವಾಯಿತು. ಅದರ ಮೇಲೆ ಸುಣ್ಣಕಲ್ಲು ಕೂತಿತು. ಆಮೇಲೆ ನೆಲವೇ ಎದ್ದು ಓರೆಯಾಯಿತು. ಆ ಕಂದು ಪದರವೇ ನಮ್ಮ ಫಾಸ್ಫೇಟ್ ಕಲ್ಲು, ಗೊಬ್ಬರ ಮಾಡಲು ಬೇಕಾದದ್ದು. ಅದು ಇಳಿದತ್ತ ನಾವೂ ಇಳಿದೆವು. ಹೊಸದಾಗಿ ಒಡೆದ ಕಲ್ಲು ಕೊಳೆತ ಮೊಟ್ಟೆಯ ಹಾಗೆ ನಾರುತ್ತಿತ್ತು. ಅಮ್ಮ ನನ್ನ ಅಂಗಿಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕಿ, "ಅಷ್ಟು ಹಳೇ ಮೀನು ಇನ್ನೂ ಕೊಳೀತಾನೇ ಇದೆ" ಎಂದು ಗೊಣಗುತ್ತಿದ್ದಳು. ಆಮೇಲೆ ಬೇರೆಲ್ಲೋ, ಸುರಂಗ ತೋಡದೆ ಬಯಲಲ್ಲೇ, ಅಂಥ ಕಲ್ಲು ಸಿಗತೊಡಗಿತು, ಹಾಗಾಗಿ ನಮ್ಮ ಗಣಿ ಮುಚ್ಚಿತು.

ತಲೆಯ ಮೇಲಿನ ಸುಣ್ಣಕಲ್ಲಿಗೆ ನಾವು ಸೂರು ಎನ್ನುತ್ತಿದ್ದೆವು. ನನ್ನ ಕೆಲಸ ಸೂರು ಬಡಿಯುವುದು. ಉಳಿದವರು ಒಳಗೆ ಕಾಲಿಡುವ ಮೊದಲು ನಾನು ಹಾರೆಯಿಂದ ಮೇಲೆ ಬಡಿದು ಕಿವಿಗೊಡಬೇಕು. ಠಣ್ ಎಂದರೆ ಗಟ್ಟಿ. ದೊಬ್ ಎಂದರೆ ಪೊಳ್ಳು, ಅಂದರೆ ಕಲ್ಲು ಬಿಟ್ಟುಕೊಂಡಿದೆ, ಬೀಳುತ್ತದೆ. ಬಡಿಯುವವನು ಬಾಯಿ ತೆರೆಯುವ ತನಕ ಯಾರೂ ಕೆಮ್ಮುವ ಹಾಗೂ ಇರಲಿಲ್ಲ. ನನಗೆ ಕೆಲಸ ಕಲಿಸಿದ ಮುದುಕ ಒಂದೇ ಮಾತು ಹೇಳಿಕೊಟ್ಟಿದ್ದ: "ಅನುಮಾನ ಬಂದ್ರೆ ಪೊಳ್ಳು ಅನ್ನು. ಮರ್ಯಾದೆ ಹೋದ್ರೆ ನಿಂದೊಬ್ಬಂದೇ ಹೋಗುತ್ತೆ."

ಈಚೆಗೆ ಇಂಜಿನಿಯರ್ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. "ತಾತ, ಸೂರು ಬಡಿಯೋರಲ್ಲಿ ಈಗ ನೀವೊಬ್ಬರೇ ಉಳಿದಿರೋದಂತೆ. ಒಂದ್ಸಲ ಬಂದು ನೋಡ್ತೀರಾ?" ಎಂದಳು. ಯಾರು ಏನಂದರೂ ಅದನ್ನೇ ಇನ್ನೊಮ್ಮೆ ಜೋರಾಗಿ ಹೇಳುವ ಅಭ್ಯಾಸ ಅಮ್ಮನಿಗಿದೆಯಲ್ಲ, ಅವಳು ಇದನ್ನೂ ಹೇಳಿದಳು. ನಾನು ಉಬ್ಬಿಹೋದೆ. ಹಳೆಯ ಹಾರೆಯ ತುಕ್ಕು ಉಜ್ಜಿದೆ, ಮದುವೆ ಗಂಡಿನ ಹಾಗೆ ಗಡ್ಡ ಬೋಳಿಸಿಕೊಂಡು ಹೋದೆ.

ಒಳಗೆ ಆ ಹುಡುಗಿ, ಹೊಸ ಟೋಪಿ ಹಾಕಿಕೊಂಡ ಒಬ್ಬ ಅಧಿಕಾರಿ, ಒಬ್ಬ ಫೋಟೊದವನು ಇದ್ದರು. ನಾನು ಹಾರೆ ಎತ್ತಿದೆ. ಎಲ್ಲರೂ ಸುಮ್ಮನಾದರು. ಬಡಿದೆ. ಕೈಗೆ ಏಟು ತಾಗಿತು, ಕಿವಿಗೆ ಏನೂ ಬರಲಿಲ್ಲ. ಇನ್ನೊಂದು ಕಡೆ ಬಡಿದೆ, ಅದೇ ಗತಿ. ಕೊರೆಯುವ ಯಂತ್ರಗಳ ಪಕ್ಕ ಆಯುಷ್ಯ ಕಳೆದವನ ಕಿವಿ ಮಂದವಾಗುತ್ತಿದೆ ಎಂದು ಗೊತ್ತಿತ್ತು. ಎದುರಿಗೆ ಕೂತವರ ತುಟಿ ನೋಡಿ, ಅಮ್ಮನ ಸಹಾಯದಿಂದ ಹೇಗೋ ನಿಭಾಯಿಸುತ್ತಿದ್ದೆ. ಇಷ್ಟರ ಮಟ್ಟಿಗೆ ಹೋಗಿದೆ ಎಂದು ಒಪ್ಪಿಕೊಂಡಿರಲಿಲ್ಲ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ತಲೆ ಓರೆ ಮಾಡಿ, ಕೇಳಿಸಿಕೊಂಡವನ ಹಾಗೆ ನಟಿಸಿ, "ಗಟ್ಟಿಯಿದೆ" ಎಂದೆ. ಫೋಟೊದವನು ಕ್ಲಿಕ್ಕಿಸಿದ. ಅಧಿಕಾರಿ ಬೆನ್ನು ತಟ್ಟಿದ. ಆ ಕೈ ಬೆನ್ನ ಮೇಲೆ ಬಿದ್ದಾಗ ನನಗೆ ಅಸಹ್ಯವಾಯಿತು.

ಮನೆಗೆ ಬಂದರೆ ಅಮ್ಮ ಚೀಲ ತುಂಬುತ್ತಿದ್ದಳು. ಅಳಿಯಂದಿರ ಫೋನ್ ಬಂದಿತ್ತು. ಅವಳು ಸಂಜೆಯ ಬಸ್ಸಿಗೇ ಹೊರಟುಬಿಟ್ಟಳು.

ಮರುದಿನ ನಾನು ಇಂಜಿನಿಯರ್ ಹುಡುಗಿಯ ಕಚೇರಿಗೆ ಹೋಗಿ, "ನಂಗೆ ಕಿವಿ ಕೇಳಿಸಲ್ಲಮ್ಮ. ನಿನ್ನೆ ಹೇಳಿದ್ದು ಸುಳ್ಳು. ಜನರನ್ನ ಒಳಗೆ ಬಿಡಬೇಡ" ಎಂದೆ. ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳು ಏನೋ ಅಂದಳು, ನಾನು ಕಿವಿ ತೋರಿಸಿದೆ. ಒಂದು ಹಾಳೆಯಲ್ಲಿ ಬರೆದು ಕೊಟ್ಟಳು: "ಹೆದರಬೇಡಿ ತಾತ. ಮೊದಲೇ ಯಂತ್ರದಿಂದ ಎಲ್ಲ ಪರೀಕ್ಷೆ ಮಾಡಿದ್ದೇವೆ. ಪೊಳ್ಳಿದ್ದ ಕಡೆ ಕಬ್ಬಿಣದ ಬೋಲ್ಟು ಹಾಕಿಸಿದ್ದೇವೆ. ನಿಮ್ಮನ್ನು ಕರೆದದ್ದು ಫೋಟೊಗೆ."

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನ್ನುತ್ತಾರಲ್ಲ, ನೆಲದ ಬಾಯೊಳಗೇ ದುಡಿದವನಿಗೆ ಆ ಮಾತೂ ಒದಗಲಿಲ್ಲ. ಹುಡುಗಿ ಒಳ್ಳೆಯವಳು, ನಗಲಿಲ್ಲ. ಕಿವಿಯ ಡಾಕ್ಟರ ವಿಳಾಸ ಕೊಟ್ಟಳು. ಹೋಗಿ ಬಂದೆ. ಕಿವಿಗೆ ಮಿಷನ್ ಹಾಕುತ್ತಾರಂತೆ, ಎಲ್ಲ ಕೇಳಿಸುತ್ತದೆ ಎಂಬ ಭರವಸೆ ಅವರೂ ಕೊಡಲಿಲ್ಲ. ಗಣಿಯಲ್ಲಿ ನನ್ನ ಸುಳ್ಳಿನಿಂದ ಯಾರಿಗೂ ಏನೂ ಆಗಲಿಲ್ಲ. ಅದಕ್ಕೆ ಸಂತೋಷಪಡುವ ಯೋಗ್ಯತೆ ನನಗಿಲ್ಲ.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಅಮ್ಮನಿಗೆ ಬೇಗ ಬಾ ಎನ್ನುವುದಿಲ್ಲ, ನಿನಗೆ ಬೇಕಾದಷ್ಟು ದಿನ ಇಟ್ಟುಕೋ. ಹೊತ್ತಿಗೆ ಸರಿಯಾಗಿ ಉಣ್ಣು, ಅತ್ತು ಸುಸ್ತಾದರೆ ಮಲಗು. ನಿನಗೆ ಒಳ್ಳೆಯ ದಿನಗಳು ಬರಲಿ, ನನ್ನ ಪಾಲಿನವೂ ನಿನಗೇ ಸೇರಲಿ.

ನಿನ್ನ
ಅಪ್ಪ

ತಾ.ಕ.: ಅಮ್ಮ ಇದನ್ನು ನಿನಗೆ ಹೇಳಿರಬಹುದು, ಆದರೂ ನನ್ನ ಕೈಯಿಂದಲೇ ಬರಬೇಕು. ಆ ದಿನ ನೀನು ಫೋನ್ ಮಾಡಿದಾಗ ಅವಳು ಮನೆಯಲ್ಲಿರಲಿಲ್ಲ. ನಿನ್ನ ದನಿ ಎಂದಷ್ಟೇ ಗೊತ್ತಾಯಿತು, ಒಂದು ಮಾತೂ ತಿಳಿಯಲಿಲ್ಲ. ಬಸುರಿ ಮಗಳು, ಒಳ್ಳೆಯ ಸುದ್ದಿಯೇ ಇರುತ್ತದೆ ಎಂದುಕೊಂಡೆ. ಇನ್ನೊಂದು ಸಲ ಹೇಳು ಎನ್ನಲು ನಾಚಿಕೆಯಾಯಿತು. "ತುಂಬಾ ಒಳ್ಳೇದಾಯ್ತು ಮಗಳೇ, ಅಮ್ಮಂಗೂ ಹೇಳ್ತೀನಿ" ಅಂದೆ. ಅಮ್ಮನಿಗೆ "ಚೆನ್ನಾಗಿದ್ದಾಳಂತೆ" ಅಂದೆ. ಆಮೇಲೆ ಅವಳು ಫೋನ್ ಮಾಡಿದಾಗ ನೀನು ಎತ್ತಲಿಲ್ಲ. "ಮಲಗಿರ್ಬೇಕು, ಬಿಡು" ಎಂದವನೂ ನಾನೇ. ಮಗು ಹೋಯಿತು ಎಂದು ನೀನು ನನಗೆ ಹೇಳಿದ್ದೆ ಎಂಬುದು, "ಅತ್ತೆ, ನೀವ್ಯಾಕೆ ಬರ್ಲಿಲ್ಲ?" ಎಂದು ಅಳಿಯಂದಿರು ಕೇಳಿದ ಮೇಲೆ ನಮಗೆ ಗೊತ್ತಾಯಿತು. ಅಮ್ಮ ಹೊರಡುವಾಗ ನನಗೆ ತಿಳಿಯಲೆಂದು ಮುಖದ ಹತ್ತಿರ ಬಂದು, ಒಂದೊಂದೇ ಮಾತು ಬಿಡಿಸಿ ಹೇಳಿದಳು: "ಗೊತ್ತಿದ್ದೂ ಅಮ್ಮ ಬರ್ಲಿಲ್ಲ ಅಂದ್ಕೊಂಡು ಮಲಗಿದ್ದಾಳೆ ಅವಳು."

ಮೊಮ್ಮಗುವಿಗೆಂದು ಉಜ್ಜಿಟ್ಟಿದ್ದ ದೊಡ್ಡ ಹಲ್ಲು ಈ ಮೇಜಿನ ಮೇಲೇ ಇದೆ. ನೀನು ಬಾ ಎಂದರೆ ಬರುತ್ತೇನೆ. ಎದುರಿಗೆ ಕೂತು ಆ ಮಾತನ್ನು ನನಗೆ ಇನ್ನೊಂದು ಸಲ ಹೇಳುತ್ತೀಯಾ ಮಗಳೇ? ಕೇಳಿಸದಿದ್ದರೆ ಕೇಳಿಸಲಿಲ್ಲ ಎನ್ನುತ್ತೇನೆ.