ತಂಗಿಯ ಮನೆಗೆ ಹೋಗುವುದು ಪ್ರಯಾಣವಲ್ಲವೇ?

ಮುಂದಿನ ಇಪ್ಪತ್ತೈದು ವರ್ಷಗಳ ಸಂಚಾರವನ್ನು ಈಗಲೇ ಕಂಡಿರುವ ಸಾರಿಗೆ ಯೋಜನಾಧಿಕಾರಿಗಳೇ,

ರಾಯಾಪುರದ ನಮ್ಮ ಮನೆಯೆದುರು ರಸ್ತೆ ದಾಟಲು ದಾರಿ ಬೇಕೆಂದು ಕೊಟ್ಟ ಅರ್ಜಿಗೆ ನಿಮ್ಮ ಉತ್ತರ ಬಂದಿದೆ: ‘ಸದರಿ ಸ್ಥಳದಲ್ಲಿ ದಾಟುವವರು ಯಾರೂ ಇಲ್ಲ, ಮುನ್ನಂದಾಜಿನಲ್ಲಿಯೂ ಬೇಡಿಕೆ ಕಂಡುಬಂದಿಲ್ಲ.’ ರಸ್ತೆಯ ನಡುವೆ ಎದೆಮಟ್ಟದ ಕಬ್ಬಿಣದ ಬೇಲಿ ಹಾಕಿಸಿದವರು ನೀವೇ ಅಲ್ಲವೇ, ಮಾನ್ಯರೇ? ಬಾವಿಗೆ ಮುಚ್ಚಳ ಜಡಿದು, ನೀರು ಸೇದುವವರೇ ಇಲ್ಲವೆಂದು ಬರೆದರೆ ಓದಿದವರು ಏನೆನ್ನಬೇಕು?

ರಸ್ತೆ ಅಗಲವಾಗುವ ಮೊದಲು ನಿಮ್ಮ ಕಡೆಯ ತರುಣಿಯೊಬ್ಬಳು ಸಮೀಕ್ಷೆಗೆ ಬಂದಿದ್ದಳು. ನನ್ನ ಹೆಂಡತಿ ಈವ್ಲಿನ್ ಅವಳಿಗೆ ಚಹಾ ಕೊಟ್ಟಳು.

‘ಅಮ್ಮಾರ, ದಿನಾ ಎಲ್ಲೆಲ್ಲಿ ಅಡ್ಡಾಡ್ತೀರಿ?’

‘ನಾ ಎಲ್ಲಿ ಹೋಗ್ತೇನವಾ? ಮನ್ಯಾಗ ಇರತೇನಿ.’

ಹೀಗೆಂದವಳೇ ರೊಟ್ಟಿಯ ಡಬ್ಬಿ ಹಿಡಿದು, ಎಂದಿನಂತೆ, ರಸ್ತೆಯಾಚೆಗಿನ ತಂಗಿ ಎಡಿತ್‌ಳ ಮನೆಗೆ ಹೊರಟಳು! ಎಡಿತ್‌ಗೆ ಮಂಡಿನೋವು, ಮನೆಯಲ್ಲಿ ಒಬ್ಬಳೇ. ಇಬ್ಬರೂ ಕೂಡಿ ಉಂಡು, ಒಂದು ಕೀರ್ತನೆ ಹಾಡಿ, ಒಂದು ಜಗಳವನ್ನೂ ಆಡಿದರೇ ದಿನ ಪೂರ್ತಿಯಾಗುತ್ತಿತ್ತು. ತಂಗಿಯ ಮನೆಗೆ ಹೋಗುವುದನ್ನು ಪ್ರಯಾಣವೆಂದು ನಮ್ಮ ಕಡೆಯ ಯಾವ ಹೆಣ್ಣುಮಗಳು ಹೇಳಿಕೊಂಡಾಳು? ನೀವು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವವರನ್ನು ಎಣಿಸಿದಿರಿ. ಈ ಬದಿಯಿಂದ ಆ ಬದಿಗೆ ಹೋಗುವವರು ನಿಮ್ಮ ಪಾಲಿಗೆ ಮನೆಯಲ್ಲೇ ಕುಳಿತವರು.

ಬೇಲಿ ಬಂದ ಮೇಲೆ ಈವ್ಲಿನ್ ಆಟೊ ಹತ್ತಿ, ನವನಗರದ ಕಡೆ ಹೋಗಿ ತಿರುಗಿಸಿಕೊಂಡು ಬಂದು ಆಚೆ ಬದಿಗೆ ಇಳಿಯುತ್ತಿದ್ದಳು. ಆಗ ನೋಡಿ, ಅವಳೂ ನಿಮ್ಮ ಲೆಕ್ಕಕ್ಕೆ ಬಂದಳು! ವಾಹನಗಳು ಹೆಚ್ಚಿವೆ, ರಸ್ತೆ ಇನ್ನೂ ಅಗಲವಾಗಬೇಕು ಎಂಬುದಕ್ಕೆ ಆ ಆಟೊ ಕೂಡ ನಿಮಗೆ ಸಾಕ್ಷಿಯಾಗಿರಬೇಕು. ರೊಟ್ಟಿ ಮಾತ್ರ ದಾರಿಯಲ್ಲೇ ಆರುತ್ತಿತ್ತು.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಎಡಿತ್ ಫೋನ್ ಮಾಡಿದಳು. ‘ಅಕ್ಕಾ, ಎದಿ ಹಿಂಡಾಕತ್ತೈತಿ. ಲಗೂ ಬಾ.’ ಈವ್ಲಿನ್ ಅರ್ಧ ರಸ್ತೆ ಹೇಗೋ ದಾಟಿ, ಬೇಲಿ ಹಿಡಿದು ನಿಂತುಬಿಟ್ಟಳು. ನಾನು ಆಟೊ ಹುಡುಕಿ, ಅವಳನ್ನು ಎಳೆದು ಕೂರಿಸಿ, ಸುತ್ತಿ ಬರುವಷ್ಟರಲ್ಲಿ ಎಡಿತ್ ಇರಲಿಲ್ಲ. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ನೆರೆಮನೆಯ ಕರೀಮಾಬಿ ಹೇಳಿದರು: ‘ಬಾಗ್ಲಾ ಪೂರಾ ತಗೀ ಅಂದ್ರು. ಅಕ್ಕ ಅಲ್ಲೇ ನಿಂತಾಳ, ಬರಾಕತ್ತಾಳ ಅಂದ್ರು.’ ಆ ಮಾತನ್ನು ಮರೆಯಲು ನನ್ನಿಂದ ಆಗುತ್ತಿಲ್ಲ.

ಈಗ ಈವ್ಲಿನ್ ನಿಜವಾಗಿಯೂ ಎಲ್ಲಿಗೂ ಹೋಗುವುದಿಲ್ಲ. ನಿಮ್ಮ ಮುನ್ನಂದಾಜು ಫಲಿಸಿದೆ, ಅಭಿನಂದನೆಗಳು.

ನಮಗಿನ್ನು ಆ ದಾರಿ ಬೇಕಿಲ್ಲ. ಆದರೂ ಕೇಳುತ್ತಿದ್ದೇನೆ, ಏಕೆಂದರೆ ಕರೀಮಾಬಿಯ ಮಗಳನ್ನು ನಮ್ಮ ಬದಿಗೆ ಕೊಟ್ಟಿದ್ದಾರೆ. ಬೇಲಿ ಬಿಡಿಸಿ, ಅಲ್ಲೊಂದು ದಾಟುವ ದಾರಿ ಮಾಡಿಕೊಡಿ. ಮುಂದಿನ ಸಮೀಕ್ಷೆಗೆ ಬರುವವರು ‘ಎಲ್ಲಿಗೆ ಹೋಗುತ್ತೀರಿ’ ಎಂದು ಕೇಳುವುದು ಬೇಡ, ‘ನಿಮ್ಮವರು ಎಲ್ಲಿದ್ದಾರೆ’ ಎಂದು ಕೇಳಲಿ. ನಮ್ಮ ಮನೆಗೂ ಬರಲಿ, ಚಹಾ ಈಗಲೂ ಕೊಡುತ್ತೇವೆ. ಆದರೆ ಆ ಪ್ರಶ್ನೆಯನ್ನು ಈವ್ಲಿನ್‌ಗೆ ಕೇಳದಿರಲಿ.

ಇಂತಿ,
ಎಲ್ಲಿಗೂ ಹೋಗದವಳ ಗಂಡ,
ಚಾರ್ಲ್ಸ್
ರಾಯಾಪುರ, ಈಚೆ ಬದಿ