ಬೆಂಚಿನ ತುದಿಯಲ್ಲಿ ಡಾಕ್ಟರು

ಅಕ್ಕಾ, ಸುಖವಾಗಿ ಬಂದು ತಲುಪಿದೆ. ಸುತ್ತಲಿನ ಹಳ್ಳಿಗಳಿಗೆಲ್ಲ ಇರುವವರು ಒಬ್ಬರೇ ಡಾಕ್ಟರು, ವಯಸ್ಸಾದವರು. ಅವರಿಗೆ ಹದಿನೈದು ದಿನ ರಜೆ ಸಿಗಲೆಂದೇ ನನ್ನನ್ನು ಕಳಿಸಿದ್ದು, ನಿನಗೆ ಗೊತ್ತಲ್ಲ. ಇವತ್ತು ಬೆಳಿಗ್ಗೆ ಅವರು ಆಸ್ಪತ್ರೆಯ ಬೀಗದ ಕೈ ನನಗೆ ಕೊಟ್ಟು, ಹೊರಗೆ ಹೋಗಿ ರೋಗಿಗಳ ಬೆಂಚಿನ ತುದಿಯಲ್ಲಿ ಕುಳಿತರು. ಬಸ್ಸಿಗೆ ಕಾಯುತ್ತಿದ್ದಾರೆ ಅಂದುಕೊಂಡೆ. ಜನ "ನೀವು ಮೊದಲು ಹೋಗಿ" ಎಂದರೂ ಏಳಲಿಲ್ಲ. ಸರದಿ ಬಂದಾಗ ಒಳಗೆ ಬಂದು ಅಂಗಿಯ ಗುಂಡಿ ಬಿಚ್ಚಿದರು.

"ಮೆಟ್ಟಿಲು ಹತ್ತಿದ್ರೆ ಎದೆ ಹಿಡಿದ ಹಾಗಾಗುತ್ತಮ್ಮ. ಬಹಳ ದಿನ ಆಯ್ತು. ಇಲ್ಲಿ ನನ್ನನ್ನ ನೋಡೋಕೆ ಯಾರಿದ್ರು?"

ಕೋಪ ಬಂತು, ಆದರೂ ಮೊದಲು ಮಲಗಿಸಿ ಇಸಿಜಿ ತೆಗೆದೆ. ಅದನ್ನು ನೋಡಿದವಳೇ ಆಂಬುಲೆನ್ಸ್ ಕರೆಸಿ ದೊಡ್ಡಾಸ್ಪತ್ರೆಗೆ ಕಳಿಸಿದೆ.

ಆಮೇಲೆ ಮುಂದಿನವರನ್ನು ಕರೆದೆ. ಅಜ್ಜಿಯೊಬ್ಬರು ಬಂದು ಕುಳಿತರು. ಏನು ತೊಂದರೆ ಎಂದು ಕೇಳಿದರೆ, ನನ್ನ ಮುಖವನ್ನೇ ನೋಡುತ್ತಾ, "ನಂದಿರಲಿ. ಮೊದಲು ನೀವು ಹುಷಾರಾಗಿದ್ದೀರಾ ಹೇಳಿ" ಎಂದರು.

ಇದು ಹದಿನೈದು ದಿನಕ್ಕೆ ಮುಗಿಯುವ ಹಾಗೆ ಕಾಣುವುದಿಲ್ಲ, ಇನ್ನೆರಡು ಜೊತೆ ಬಟ್ಟೆ ಕಳಿಸು. ನನಗೇನೂ ಆಗಿಲ್ಲ ಎಂದು ಆ ಅಜ್ಜಿಗೆ ಹೇಳಿದ್ದೇನೆ. ಅಮ್ಮನಿಗೂ ಹಾಗೇ ಹೇಳು.

ನಿನ್ನ ತಂಗಿ