ಹಾಲುಣಿಸಿದವಳು, ಹಾಲುಣಿಸದವಳು

ಗದಗ
2231ನೆಯ ಇಸವಿ, ಫೆಬ್ರವರಿ ಮೂವತ್ತು

ನನ್ನ ಅಕ್ಕನ ಮೊಮ್ಮಗಳ ಮೊಮ್ಮಗಳೇ,

ಫೆಬ್ರವರಿಗೆ ಮೂವತ್ತನೆಯ ದಿನ ಸೇರಿಸಿದ ಕಾಲದವಳು ನಾನು. ನೀನು ಇದನ್ನು ಓದುವ ಹೊತ್ತಿಗೆ ತಿಂಗಳುಗಳೇ ಬೇರೆಯಾಗಿರಬಹುದು, ನನ್ನ ಕನ್ನಡ ನಿನ್ನ ಕಿವಿಗೆ ಒರಟಾಗಿ ಕೇಳಬಹುದು. ಕ್ಷಮಿಸು. ನಿನಗಿನ್ನೂ ಹೆಸರಿಲ್ಲ, ಆದರೂ ನಿನ್ನನ್ನು ನೆನೆದರೆ ನನಗೆ ಮತ್ಸರವಾಗುತ್ತದೆ. ಯಾಕೆಂದು ಹೇಳುತ್ತೇನೆ.

ನಮ್ಮ ಮನೆತನದಲ್ಲಿ ಒಂದು ದೋಷ ಹರಿದು ಬಂದಿತ್ತು. ತಾಯಿಯಿಂದಲೋ ತಂದೆಯಿಂದಲೋ ಬರುವ ಒಂದು ವಂಶವಾಹಿ ಕೆಟ್ಟಿರುತ್ತದೆ. ಅಂಥವಳಿಗೆ ಸ್ತನ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಬಹಳ ಹೆಚ್ಚು. ನಮ್ಮವ್ವ ಅದರಿಂದಲೇ ಹೋದಳು. ಅಕ್ಕ ಮುಕ್ತಾಂಬೆಗೂ ನನಗೂ ಅದು ಇದೆಯೆಂದು ಒಂದೇ ದಿನ ತಿಳಿಯಿತು. ಗರ್ಭ ಕಟ್ಟುವ ಮೊದಲೇ ಆ ದೋಷವನ್ನು ಸರಿಪಡಿಸುವ ತಿದ್ದುಮನೆಗಳು ಆಗಿನ್ನೂ ಇರಲಿಲ್ಲ.

ಆಗ ಬಿಸಿಲಿಗೆ ಹೆದರಿ ಊರೆಲ್ಲ ನೆಲಮನೆಗಳಿಗೆ ಇಳಿದಿತ್ತು. ನೆಲಮನೆ ಅಂದರೆ ಅಂಗಳದ ಕೆಳಗೆ ತೋಡಿದ ಮನೆ. ಹಗಲೆಲ್ಲ ಅಲ್ಲಿ ಮಲಗಿ, ಹೊತ್ತು ಮುಳುಗಿದ ಮೇಲೆ ಕರೆಂಟು ತೆಗೆಯುವ ಗಾಳಿಗಂಬಗಳ ಕೆಳಗಿನ ಬಯಲಿಗೆ ಹತ್ತಿ ಬಂದು ಹೆಂಗಸರೆಲ್ಲ ಸಾಲಾಗಿ ಕೂತು ರೊಟ್ಟಿ ಬಡಿಯುತ್ತಿದ್ದೆವು. ಆ ಬಯಲಲ್ಲೇ ಅಕ್ಕ ತನ್ನ ಮೂರು ಮಕ್ಕಳಿಗೆ ಹಾಲುಣಿಸಿದಳು, ಒಂದೊಂದಕ್ಕೂ ಎರಡೆರಡು ವರ್ಷ. ನನ್ನ ಬಸಿರು ಒಂದೂ ನಿಲ್ಲಲಿಲ್ಲ. ಅವಳು ಸೆರಗು ಮರೆಮಾಡಿ ಕೂತಾಗ ನಾನು ಹಿಟ್ಟು ನಾದುವ ನೆಪದಲ್ಲಿ ಬೆನ್ನು ತಿರುಗಿಸುತ್ತಿದ್ದೆ.

ನಲವತ್ತರ ಹತ್ತಿರ ಗಡ್ಡೆ ಬಂದದ್ದು ನನಗೆ. ನೆರೆಯ ಕಲ್ಲವ್ವ ನನಗೆ ಕೇಳುವಂತೆಯೇ ಅಂದಳು: "ಹಾಲು ಕುಡಿಸಿದಾಕಿಗೆ ಏನೂ ಆಗ್ಲಿಲ್ಲ ನೋಡ್ರಿ. ಈಕಿ ಮೈ ಖಾಲಿ ಉಳೀತು, ಅದಕ್ಕ ಬಂತು."

ಆ ಮಾತು ಗಡ್ಡೆಗಿಂತ ಹೆಚ್ಚು ನೋಯಿಸಿತು. ಡಾಕ್ಟರ್ ಇಂದುಮತಿಯವರನ್ನು ಕೇಳಿಯೇಬಿಟ್ಟೆ: "ಇದು ಖರೇ ಏನ್ರಿ?"

"ಹಾಲುಣಿಸಿದರ ಈ ದೋಷ ಇದ್ದ ಕೆಲವರಿಗೆ ಅಪಾಯ ಸ್ವಲ್ಪ ಕಡಿಮಿ ಆಗತೈತಿ, ಅದು ಖರೇ," ಎಂದರು ಅವರು. "ಮಕ್ಕಳ್ನ ಹಡದರ ಸಾಕು, ಬರೂದೇ ಇಲ್ಲ ಅನ್ನೂದು ಸುಳ್ಳು. ಸಾವಿರಾರು ಹೆಣ್ಮಕ್ಕಳ ಮಾತು ನಾ ಹೇಳಬಲ್ಲೆ. ನಿಮಗ್ಯಾಕ ಬಂತು, ನಿಮ್ಮ ಅಕ್ಕಗ ಯಾಕ ಬರಲಿಲ್ಲ, ಅದನ್ನ ಹೇಳಲಾರೆ."

ನನ್ನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ.

ಎರಡೂ ಮೊಲೆ ತೆಗೆದರು. ಗಾಯ ತೊಳೆಯಲು, ಗಂಜಿ ಕುಡಿಸಲು ಅಕ್ಕನೇ ದಿನಾ ಬಂದಳು. ಒಂದು ಸಂಜೆ ಅವಳು ಪಟ್ಟಿ ಬದಲಿಸುತ್ತಿದ್ದಾಗ ತಡೆಯಲಾಗಲಿಲ್ಲ: "ನಿನಗೇನವಾ ಅಕ್ಕಾ, ಹಾಲು ಕುಡಿಸಿ ಗೆದ್ದಿ."

ಅಕ್ಕ ಅಳಲಿಲ್ಲ. ಪಟ್ಟಿ ಸುತ್ತಿ ಮುಗಿಸಿ, ನನ್ನ ಕೈ ಹಿಡಿದು ತನ್ನ ಎದೆಯ ಮೇಲೆ ಇಟ್ಟುಕೊಂಡಳು. "ಜಳಕಾ ಮಾಡೂ ಮುಂದ ದಿನಾ ಇಲ್ಲಿ ಮುಟ್ಟಿ ನೋಡತೀನಿ, ನೀಲಾ. ಗಡ್ಡಿ ಐತೇನು ಅಂತ. ನಿಂದು ಬಂದು ಹೋತು. ನಂದು ಎಂದ ಬರತೈತೋ ಗೊತ್ತಿಲ್ಲ. ನಿಂದು ಮುಗೀತಲ್ಲಾ ಅಂತ ನಿನ್ನ ನೋಡಿ ನಾನೂ ಹೊಟ್ಟಿ ಉರಕೊಂಡೀನಿ."

ಆಮೇಲೆ ಅವಳು ಚಹಾ ಮಾಡಿದಳು. ಸಕ್ಕರೆ ಹಾಕುವುದನ್ನು ಮರೆತಿದ್ದಳು. ಹಾಗೆಯೇ ಕುಡಿದೆವು.

ಮರುವರ್ಷ ಅಕ್ಕ ಗಡ್ಡೆ ಬರುವ ಮೊದಲೇ ತನ್ನವನ್ನೂ ತೆಗೆಸಿಕೊಂಡಳು. ಪಟ್ಟಿ ಸುತ್ತಿದ್ದು ನಾನು. ಆಗಲೂ ಕರುಬಿದೆ: ಅವಳಿಗೆ ನನ್ನಂತೆ ಕ್ಯಾನ್ಸರ್ ಔಷಧಿಯ ವಾಂತಿಯಿಲ್ಲ, ಅವಳ ಕೂದಲು ಉದುರಲಿಲ್ಲ. ಆದರೆ ಈ ಸಲ ಅವಳಿಗೆ ಹೇಳಿಯೇ ಕರುಬಿದೆ. "ಪಡು, ಹೊಟ್ಟಿಕಿಚ್ಚ ಪಡು, ಯಾರ ಬ್ಯಾಡ ಅಂದಾರ?" ಎಂದು ನಕ್ಕಳು. ನಗಿಸಿ ಹೊಲಿಗೆ ಜಗ್ಗುವಂತೆ ಮಾಡಿದೆನೆಂದು ಬೈದಳು.

ಈಗ ಇಬ್ಬರ ಕೂದಲೂ ಬೆಳ್ಳಗಾಗಿದೆ. ಇವತ್ತು ಅವಳ ಮಗಳು ಶಿವಲೀಲಾ ತಿದ್ದುಮನೆಯಿಂದ ಬಂದಳು. ಅವಳಿಗೆ ಆ ದೋಷವಿದೆ. ಅವಳ ಒಡಲಲ್ಲಿ ಬೆಳೆಯಲಿರುವ ಹೆಣ್ಣುಕೂಸಿಗೆ ಇಲ್ಲ. ಅಕ್ಕ ಗೋಧಿ ಹುಗ್ಗಿ ಮಾಡಿದಳು. ನಾನೂ ಉಂಡೆ. ಸಂತೋಷಪಟ್ಟೆ, ನಿಜ. ಆದರೆ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ. ಅವ್ವನಿಗೆ, ಅಕ್ಕನಿಗೆ, ನನಗೆ ಸಿಗದ್ದು ಹುಟ್ಟುವ ಮೊದಲೇ ಆ ಕೂಸಿಗೆ ಸಿಕ್ಕಿತು. ಅದರ ಮಗಳಿಗೂ, ಮೊಮ್ಮಗಳಾದ ನಿನಗೂ ಸಿಗುತ್ತದೆ. ಮಕ್ಕಳು ಬೇಕೋ ಬೇಡವೋ ಎಂದು ನೀನು ಮಕ್ಕಳ ಸಲುವಾಗಿಯೇ ಯೋಚಿಸುವೆ. ಹಾಲುಣಿಸಿದರೆ ಕೂಸಿನ ಹಸಿವಿಗಾಗಿ ಉಣಿಸುವೆ, ನಿನ್ನ ಜೀವ ಉಳಿದೀತೆಂದಲ್ಲ.

ಒಂದೇ ಕೇಳಿಕೆ. ನಿನ್ನ ಕಾಲಕ್ಕೂ ಯಾವುದೋ ಕಾಯಿಲೆ ಇದ್ದೇ ಇರುತ್ತದೆ, ಯಾರೋ ಒಬ್ಬಳಿಗೆ ಬಂದೇ ಬರುತ್ತದೆ. ಅವಳು ಏನು ಮಾಡದ್ದರಿಂದ ಅದು ಬಂತು ಎಂದು ಹುಡುಕಬೇಡ. ಅವಳಿಗೆ ನಿನ್ನ ಮೇಲೆ ಹೊಟ್ಟೆಕಿಚ್ಚಾದರೆ ಬಾಯಿಬಿಟ್ಟು ಹೇಳಲಿ. ಹೇಳಿದ ಮೇಲೂ ನೀನು ಅವಳ ಪಕ್ಕದಲ್ಲೇ ಇರು.

ನೀನು ನನ್ನ ಹೊಟ್ಟೆಯ ಕುಡಿಯಲ್ಲ. ಅದಕ್ಕೂ ಉರಿಯುತ್ತದೆ. ಚೆನ್ನಾಗಿರು, ಮಗಳೇ.

ನೀಲಗಂಗಾ